ಸ್ಲಾವಾದ ಗೋಧಿಗೆ ಅಮೈನೋ ಪುಡಿ

"ಈ ಸಲ ಸ್ಲಾವಾ ಹಬ್ಬದ ದಿನ ಕುಮ್‌ನ ಕೈಯನ್ನು ಮೇಜಿಗೆ ಬಡಿಯದಿದ್ದರೆ ನಾನು ರಾದಿವೊಯೆಯೇ ಅಲ್ಲ!"

ವಾಲ್ಯೆವೊ ಊರಿನ ಅಂಚೆ ಗುಮಾಸ್ತ ರಾದಿವೊಯೆ ಕನ್ನಡಿಯ ಮುಂದೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದ. ಕನ್ನಡಿಯಲ್ಲಿ ಕಂಡ ತೋಳು ಮಾತ್ರ ನುಗ್ಗೇಕಾಯಿಯಂತಿತ್ತು.

ಕುಮ್ ಎಂದರೆ ಮದುವೆಗೆ ಸಾಕ್ಷಿ ನಿಂತವನು, ಒಡಹುಟ್ಟಿದವನಿಗಿಂತ ಒಂದು ತೂಕ ಹೆಚ್ಚಿನ ಬಂಧು. ಆ ಬಂಧು ಮಿಲೂತಿನ್, ಸ್ಲಾವಾದಲ್ಲಿ, ಅಂದರೆ ಮನೆತನ ಕಾಯುವ ಸಂತ ನಿಕೊಲಾನ ಹಬ್ಬದಲ್ಲಿ, ಮೀನೂಟ ಮುಗಿಸಿ, ನೆಂಟರೆಲ್ಲರ ಎದುರು ಪಂಜದ ಪಂದ್ಯದಲ್ಲಿ ರಾದಿವೊಯೆಯ ಕೈ ಮಲಗಿಸಿ, "ಅಂಚೆಚೀಟಿ ಅಂಟಿಸೋ ಕೈ ಕಣ್ರಪ್ಪಾ ಇದು!" ಎಂದು ಪ್ರತಿವರ್ಷವೂ ನಗಿಸುತ್ತಿದ್ದ.

ವ್ಯಾಯಾಮಶಾಲೆಯ ತರುಣರು ತೋಳಿಗೆ ಬಲ ಬರಲೆಂದು ಅಮೈನೋ ಆಮ್ಲದ ಪುಡಿಯನ್ನು ನೀರಿಗೆ ಕದಡಿ ಕುಡಿಯಲು ಸೂಚಿಸಿದರು. ಹಾಲಿನಂಥ ಬಿಳುಪು! ಆಮ್ಲವೆಂದರೆ ಹುಳಿ ಎಂಬುದು ಪಾಠದ ಮಾತು. ನಾಲಿಗೆಗೆ ಹತ್ತಿದ್ದು ಬೇವಿನ ಕಹಿ. ಮೊದಲ ಗುಟುಕಿಗೆ ಅವನ ಬಾಯಿಂದ ಹೊರಟದ್ದು 'ಅಮೈನೋ' ಅಲ್ಲ, 'ಅಮ್ಮಯ್ಯೋ!' ಆದರೂ ಬಿಡದೆ ಕುಡಿದ. ಹೆಂಡತಿ ದೆಸಾಂಕಾ ಕಂಡರೆ ಗೇಲಿ ಮಾಡುತ್ತಾಳೆಂದು ಪುಡಿಯನ್ನು ಸಕ್ಕರೆಪುಡಿಯ ಖಾಲಿ ಡಬ್ಬಿಯಲ್ಲಿ ಬಚ್ಚಿಟ್ಟ.

ಹಬ್ಬ ಬಂತು. ದೆಸಾಂಕಾ ಗೋಧಿ ಬೇಯಿಸಿ, ಅಕ್ರೋಟಿನೊಡನೆ ಅರೆದು, ತಟ್ಟೆಯಲ್ಲಿ ಗುಡ್ಡ ಕಟ್ಟಿ, ಮೇಲೆ ಹಿಮದಂತೆ ಬಿಳಿ ಪುಡಿ ಉದುರಿಸಿದಳು. ಪಾದ್ರಿಗಳು ಬಂದು ಆಶೀರ್ವದಿಸಿ ಹೋದರು.

"ಸಕ್ಕರೆಪುಡಿ ಮುಗಿದಿತ್ತಲ್ಲೇ?" ಎಂದ ರಾದಿವೊಯೆ.

"ಡಬ್ಬಿ ತುಂಬ ಇತ್ತಲ್ರೀ! ನೀವೇ ತಂದಿಟ್ಟಿದ್ದು ತಾನೆ? ಅಪರೂಪಕ್ಕೆ ಜಾಣರಾಗಿದ್ದೀರಿ."

ನಿಜ ಹೇಳಲು ರಾದಿವೊಯೆ ಬಾಯಿ ತೆರೆಯುವಷ್ಟರಲ್ಲಿ ನೆಂಟರು ಬಾಗಿಲಲ್ಲಿದ್ದರು. ಬಂದವರು ನಿಂತು, ಶಿಲುಬೆಯ ಗುರುತು ಮಾಡಿಕೊಂಡು, ಒಂದು ಚಮಚ ಗೋಧಿ ತಿನ್ನಲೇಬೇಕು. ಒಲ್ಲೆ ಎನ್ನುವಂತಿಲ್ಲ, ಸಂತನ ಪ್ರಸಾದ, ಉಗುಳುವಂತೆಯೂ ಇಲ್ಲ.

ಮೊದಲು ಲೆಪೊಸಾವಾ ಅತ್ತೆ ನುಂಗಿದಳು. ಕಣ್ಣು ತುಂಬಿ ಬಂತು.

"ಯಾಕತ್ತೆ ಅಳ್ತೀಯ?" ಎಂದ ಹಿಂದೆ ನಿಂತಿದ್ದ ಮಿಲೂತಿನ್.

"ತೀರಿಹೋದವರೆಲ್ಲ ಒಟ್ಟಿಗೇ ನೆನಪಾದರಪ್ಪಾ!"

ಮಿಲೂತಿನ್ ಭಕ್ತಿ ಹೆಚ್ಚಾಗಿ ಚಮಚವನ್ನು ಗೋಪುರದಂತೆ ತುಂಬಿ ಬಾಯಿಗಿಟ್ಟ. ಅವನ ಮೀಸೆ ನೆಟ್ಟಗೆ ನಿಂತಿತು. "ತಂಗೀ... ಏನಮ್ಮಾ ಇದು?"

ದೆಸಾಂಕಾ ಬೆರಳ ತುದಿಯಲ್ಲಿ ನೆಕ್ಕಿ ನೋಡಿದಳು. ಗಂಡನ ಕಡೆಗೊಮ್ಮೆ ನೋಡಿದಳು. ಅಷ್ಟೇ ಸಾಕಾಯಿತು.

"ಕಹಿ ಮೊದಲು, ಸಿಹಿ ಆಮೇಲೆ, ಕುಮಣ್ಣ. ಬದುಕೂ ಹಾಗೇ ಅಲ್ವೇ? ಒಳಗೆ ಬಕ್ಲಾವಾ ಇದೆ, ಬನ್ನಿ."

"ಎಂಥಾ ಮಾತು!" ಎಂದು ನೆಂಟರು ತಲೆದೂಗಿದರು. ಮನೆಯ ಮಾನ ಒಂದೇ ಮಾತಿನಲ್ಲಿ ಉಳಿಯಿತು! ಅಂಥ ಹೆಂಡತಿಗೆ ರಾದಿವೊಯೆ ಮನಸ್ಸಿನಲ್ಲೇ ಸಾಷ್ಟಾಂಗ ಬಿದ್ದ.

ಊಟವಾಯಿತು. ಮೇಜು ತೆರವಾಯಿತು. ಪಂಜಕ್ಕೆ ಪಂಜ ಸೇರಿತು. ನೆಂಟರು ಉಸಿರು ಬಿಗಿಹಿಡಿಯುವ ಮೊದಲೇ ರಾದಿವೊಯೆಯ ಕೈ ಮೇಜಿನ ಮೇಲೆ ಸುಖವಾಗಿ ಮಲಗಿತ್ತು!

"ಅಷ್ಟೊಂದು ಅಮೈನೋ ಕುಡಿದೆನಲ್ಲೋ! ಆ ಕಹಿ ಗೋಧಿಯಲ್ಲಿದ್ದದ್ದೂ ಅದೇ ಶಕ್ತಿಪುಡಿ ಕಣೋ!" ಎಂದು ಸೋತವನು ಗೋಳಾಡಿ ಎಲ್ಲವನ್ನೂ ಒಪ್ಪಿಕೊಂಡ.

ಮಿಲೂತಿನ್ ತನ್ನ ತೋಳನ್ನು ಬೆರಗಿನಿಂದ ಸವರಿಕೊಂಡ. "ಒಂದೇ ಚಮಚಕ್ಕೆ ಇಷ್ಟು ಬಲವೇ! ಎಂಥಾ ಪುಡಿಯೋ! ಎಲ್ಲಿ ಸಿಗುತ್ತೆ?"

ತಟ್ಟೆಗಳನ್ನು ಎತ್ತುತ್ತಿದ್ದ ದೆಸಾಂಕಾ ನಕ್ಕಳು. "ಪುಡಿ ಅಪ್ಪಟ ಚಿನ್ನ, ಕುಮಣ್ಣ. ನಿಮಗೆ ಸಂದದ್ದು ಪ್ರಸಾದ. ಇವರಿಗೆ ಸಂದದ್ದು ಅಪಾತ್ರದಾನ!"