ಮೊದಲ ಕಾಲು ಮಾಡಿದವನು

ಆಸ್ಪತ್ರೆಯ ನಲವತ್ತು ವರ್ಷಗಳ ಇತಿಹಾಸವನ್ನು ಗೋಡೆಯುದ್ದದ ಬೋರ್ಡಿನಲ್ಲಿ ಬರೆಸಿದರು. ಮೊದಲ ಮರದ ಕಾಲು ಮಾಡಿದ ಬಡಗಿಯ ಹೆಸರು ಬರೆಸಲಿಲ್ಲ.

ಸ್ಥಾಪಕರ ಹೆಸರಿತ್ತು, ಜಾಗ ಕೊಟ್ಟವರದಿತ್ತು, ನೀರಿನ ಫಿಲ್ಟರ್ ಕೊಟ್ಟ ಪುಣ್ಯಾತ್ಮರದಂತೂ ಎರಡು ಸಲ ಇತ್ತು. ಹಾಳುಬಿದ್ದ ಎಣ್ಣೆ ಗಿರಣಿಯಲ್ಲಿ ನಾಲ್ಕು ಮಂಚ ಹಾಕಿ ಆಸ್ಪತ್ರೆ ಶುರುವಾದಾಗ, ಅದೇ ಗಿರಣಿಯ ಬಾಗಿಲು ಕಿತ್ತು ಕಾಲು ಕೆತ್ತಿದವನು ಮಾತ್ರ ಇರಲಿಲ್ಲ. ಆಸ್ಪತ್ರೆಯೆಲ್ಲ 'ಕಾಲಪ್ಪ' ಎಂದು ಕರೆಯುವ ಆ ಬಡಗಿಗೆ ಇನ್ನೊಂದು ವಾರಕ್ಕೆ ನಿವೃತ್ತಿ. ಮರದ ಹೊಟ್ಟಿನಲ್ಲಿ ಬಿದ್ದ ಮೊಳೆ ಹುಡುಕುವವನ ಹಾಗೆ ಬೋರ್ಡನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ, ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದ.

"ಸಾರ್, ನಂದು ಒಂದೇ ಒಂದು ಸಾಲು..."

ದೊಡ್ಡ ಡಾಕ್ಟರ ತಲೆಗೆ ಬೇರೆಯೇ ಬೆಂಕಿ ಬಿದ್ದಿತ್ತು. ಹನ್ನೊಂದಕ್ಕೆ ಸಮಾರಂಭ. ಆ ಮೊದಲ ಕಾಲು ಹಾಕಿಸಿಕೊಂಡಿದ್ದ ಗಾರೆ ಮೇಸ್ತ್ರಿ ವೇದಿಕೆಯ ಮೇಲೆ ನಡೆದು ತೋರಿಸಬೇಕಿತ್ತು. ಅವನು, "ಕಾಲು ಚೆನ್ನಾಗಿದೆ, ಅದಕ್ಕೇ ಕೆಲಸಕ್ಕೆ ಹೋಗಿದ್ದೀನಿ" ಎಂದು ಹೇಳಿ ಕಳಿಸಿದ್ದ.

"ಕಾಲಪ್ಪ, ನಿಮಗೂ ಮೇಸ್ತ್ರಿಗೂ ಒಂದೇ ವಯಸ್ಸು. ಇವತ್ತು ನೀವೇ ಮೇಸ್ತ್ರಿ. ಐದು ನಿಮಿಷ ಕುಂಟಿಬಿಡಿ, ಸಂಜೆಯೊಳಗೆ ನಿಮ್ಮ ಹೆಸರು ಬೋರ್ಡ್ ಮೇಲೆ."

"ನನಗೆ ಎರಡೂ ಕಾಲಿದೆಯಲ್ಲ ಸಾರ್?"

"ಅದನ್ನೇನು ಡಂಗುರ ಹೊಡೀತೀರಾ?"

ಕಾಲಪ್ಪ ಬಲಗಾಲಿನ ಸುತ್ತ ಹಲಗೆ ಬಿಗಿದು, ಅಗಲ ಪ್ಯಾಂಟು ಏರಿಸಿ, ವಾರ್ಡಿನಲ್ಲಿ ಅಭ್ಯಾಸಕ್ಕಿಳಿದ. ಅಲ್ಲಿ ಮಲಗಿದ್ದವರೆಲ್ಲ ಈ ವಿದ್ಯೆಯಲ್ಲಿ ಪಂಡಿತರು.

"ಅದು ಕುಂಟೋದಲ್ಲಣ್ಣ, ಎಮ್ಮೆ ಕೆಸರಿಂದ ಎದ್ದು ಬರೋದು," ಎಂದ ಮೂರನೇ ಮಂಚದ ದರ್ಜಿ. "ಸೊಂಟ ಎತ್ತು!"

"ಸೊಂಟ ಎತ್ತಿದ್ರೆ ಕುಣಿತ ಆಗುತ್ತೆ. ಹಿಮ್ಮಡಿ ಮೊದಲು!" ಎಂದು ಬಾಗಿಲ ಪಕ್ಕದ ಅಜ್ಜಿ ಊರುಗೋಲಿನಿಂದ ಅವನ ಬೆನ್ನು ತಿವಿದಳು.

"ಚುಚ್ಚಬೇಡಿ ಅಜ್ಜಿ! ನೀವು ಹಾಕ್ಕೊಂಡಿರೋ ಕಾಲು ಮಾಡಿದ್ದೇ ನಾನು!"

"ಅದಕ್ಕೇ ಕಣಪ್ಪ ಹೇಳ್ತಿರೋದು. ಮಾಡೋಕೆ ಬಂದ್ರೆ ಸಾಕಾ? ನಡೆಯೋಕೂ ಬರಬೇಕು."

ಹತ್ತೂವರೆಯ ಹೊತ್ತಿಗೆ ಕಾಲಪ್ಪ ಎರಡು ಕಾಲಲ್ಲೂ ಕುಂಟುತ್ತಿದ್ದ.

ಮುಖ್ಯ ಅತಿಥಿಗಳು ಮುಟ್ಟಿ ನೋಡದೆ ಏನನ್ನೂ ನಂಬುವವರಲ್ಲ. ವೇದಿಕೆಯ ಮೇಲೆ ಬಗ್ಗಿ, ಕಾಲಪ್ಪನ ಪ್ಯಾಂಟಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರು. ಟಕ್, ಟಕ್.

"ಭಲೇ! ನಲವತ್ತು ವರ್ಷ ಆದ್ರೂ ಕಲ್ಲಿನ ಹಾಗಿದೆ! ಮೇಸ್ತ್ರಿಗಳೇ, ಇದನ್ನ ಮಾಡಿದ್ದು ಯಾರು?"

ಈ ಪ್ರಶ್ನೆಯನ್ನು ನಲವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕಾಲಪ್ಪ ಮೈಕಿನ ಹತ್ತಿರಕ್ಕೆ ಸರಿದ. "ಇಲ್ಲೇ ಕೆಲಸ ಮಾಡೋ ಬಡಗಿ ಸಾರ್," ಎಂದವನೇ, ಅಪ್ಪನ ಹೆಸರು ಸಮೇತ ತನ್ನ ಪೂರ್ತಿ ಹೆಸರು ಹೇಳಿದ.

"ಕರೀರಿ ಅವರನ್ನ! ಆ ಹೆಸರು ನಾನೇ ನನ್ನ ಕೈಯಾರೆ ಬರೀತೀನಿ," ಎಂದು ಅತಿಥಿಗಳು ಬೋರ್ಡಿನ ಪಕ್ಕ ನಿಂತಿದ್ದ ಪೇಂಟರನ ಕೈಯಿಂದ ಕುಂಚ ಕಸಿದುಕೊಂಡರು.

ಸಭೆಯಲ್ಲಿ ಕೂತಿದ್ದ ವಾರ್ಡಿನವರೆಲ್ಲ ಕಾಲಪ್ಪನನ್ನು ನೋಡಿದರು. ಕಾಲಪ್ಪ ದೊಡ್ಡ ಡಾಕ್ಟರನ್ನು ನೋಡಿದ. ದೊಡ್ಡ ಡಾಕ್ಟರು ಫ್ಯಾನು ನೋಡಿದರು.

"ಅವರು... ಇವತ್ತು ಬಂದಿಲ್ಲ ಸಾರ್," ಎಂದರು ಡಾಕ್ಟರು, ಫ್ಯಾನಿನಿಂದ ಕಣ್ಣಿಳಿಸದೆ.

"ಇಂಥ ದಿನವೇ ಚಕ್ಕರ್ ಹೊಡೆದನಾ?" ಕುಂಚ ಪೇಂಟರನ ಕೈಗೆ ವಾಪಸು ಹೋಯಿತು. "ಕೆಲಸದ ಮೇಲೆ ಗೌರವ ಇಲ್ಲದವನ ಹೆಸರು ಈ ಗೋಡೆಗೆ ಬೇಡ. ಇವತ್ತಲ್ಲ, ಯಾವತ್ತೂ ಬೇಡ. ಏನಂತೀರಿ ಡಾಕ್ಟ್ರೇ?"

"ಆಗಲಿ ಸಾರ್," ಎಂದರು ದೊಡ್ಡ ಡಾಕ್ಟರು. ಅಷ್ಟು ಬೇಗ ಅವರು ಯಾವ ಫೈಲಿಗೂ ಒಪ್ಪಿಗೆ ಕೊಟ್ಟಿದ್ದಿಲ್ಲ.

ಸಭೆ ಚಪ್ಪಾಳೆ ತಟ್ಟಿತು. ಡಾಕ್ಟರು ಕಾಲಪ್ಪನ ಕಿವಿಗೆ ಬಗ್ಗಿ, "ಸಾಕು, ಕುಂಟುತ್ತಾ ಇಳೀರಿ," ಎಂದು ಪಿಸುಗುಟ್ಟಿದರು.

ಕಾಲಪ್ಪ ವೇದಿಕೆಯ ನಟ್ಟನಡುವೆ ಕೂತ. ಪ್ಯಾಂಟು ಮೇಲಕ್ಕೆ ಮಡಚಿ, ಹಲಗೆಗೆ ಬಿಗಿದಿದ್ದ ಪಟ್ಟಿಗೆ ಕೈ ಹಾಕಿದ.

"ರೀ, ಏನ್ಮಾಡ್ತಿದೀರಾ? ಎದ್ದು ಕುಂಟ್ರೀ!"

"ಕುಂಟಲ್ಲ ಸಾರ್," ಎಂದ ಕಾಲಪ್ಪ, ಮೈಕಿಗೆ ಕೇಳುವ ಹಾಗೆ.