ಬೆನ್ನಿಲ್ಲದ ಪಾಳಿ

ಪಾಳಿಯಲ್ಲಿ ನಿಲ್ಲುವುದು ನನ್ನಿಂದಾಗದು. ಬ್ಯಾಂಕಿರಲಿ, ಗಾಣಗಾಪುರದ ಪ್ರಸಾದವಿರಲಿ, ಮುಂದೆ ನಿಂತವನ ಬೆನ್ನು ಕಂಡರೆ ಸಿಟ್ಟು ಬರುತ್ತದೆ. ಆದರೂ ಸಿಟ್ಟು ಮಾಡಲು ಅಲ್ಲಿ ಒಂದು ಬೆನ್ನಾದರೂ ಇರುತ್ತದೆ. ಇ-ಪುಸ್ತಕದ ಪಾಳಿಯಲ್ಲಿ ಅದೂ ಇಲ್ಲ. ಹಾಗಂತ ಇ-ಪುಸ್ತಕವನ್ನು ದೂರಲಾರೆ. ಕಪಾಟಿನ ಧೂಳಿಗೆ ಸೀನಬೇಕಿಲ್ಲ, ಅಕ್ಷರ ದೊಡ್ಡದು ಮಾಡಿಕೊಂಡರೆ ಕನ್ನಡಕವೂ ಬೇಡ, ವಾಯಿದೆ ಮುಗಿದರೆ ಪುಸ್ತಕ ತಾನಾಗಿಯೇ ಗ್ರಂಥಾಲಯಕ್ಕೆ ಹೋಗುತ್ತದೆ. ಹೀಗೆ ಸುಖವಾಗಿ ಒಂದು ಕಾದಂಬರಿಯ ಮೊದಲ ಭಾಗ ಮುಗಿಸಿದೆ. ನಾಯಕಿ ವಿಷ ಬೆರೆಸಿದ ಹಾಲನ್ನು ತುಟಿಗೆ ಹಚ್ಚಿದ್ದಳು. ಎರಡನೆಯ ಭಾಗ ಒತ್ತಿದರೆ, ‘ಬೇರೆ ಓದುಗರ ಬಳಿ ಇದೆ, ಕಾಯಿರಿ’ ಎಂದು ಬಂತು.

ಅಫಜಲಪುರದ ನಮ್ಮ ಗ್ರಂಥಪಾಲಕ ಶರಣಪ್ಪನವರ ಬಳಿ ಓಡಿದೆ.

“ಪ್ರತಿ ಒಂದೇ ಅದರಿ ಸರ. ಒಬ್ಬರು ಬಿಟ್ಟ ಮ್ಯಾಲೇ ಇನ್ನೊಬ್ಬರಿಗೆ.”

“ಯಾರು ಒಯ್ದಾರ ಅಷ್ಟು ಹೇಳ್ರಿ, ಮನಿಗೆ ಹೋಗಿ ಕೇಳ್ತೇನಿ.”

“ಅದಕ್ಕೇ ಹೇಳಂಗಿಲ್ರಿ” ಎಂದು ನಕ್ಕರು.

ಕಾಗದದ ಪುಸ್ತಕವಾಗಿದ್ದರೆ ಯಾರದೋ ಕಂಕುಳಲ್ಲಿ ಕಣ್ಣಿಗೆ ಬೀಳುತ್ತಿತ್ತು. ಈಗ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ನೋಡುತ್ತ ನಿಂತವರೆಲ್ಲರ ಮೇಲೂ ನನಗೆ ಗುಮಾನಿ. ಊಟಕ್ಕೆ ಕೂತಾಗಲೆಲ್ಲ, “ಯಾವ ದಡ್ಡ ಅಕ್ಷರ ಕೂಡಿಸಿ ಕೂಡಿಸಿ ಓದಾಕತ್ತಾನೋ!” ಎಂದು ಬೈಯುತ್ತಿದ್ದೆ. ಹೆಂಡತಿ ಮಹಾದೇವಿ ತಟ್ಟೆಗೆ ರೊಟ್ಟಿ ಹಾಕುತ್ತ, “ಪಾಪ, ಅವರಿಗೂ ಕೆಲಸ ಇರ್ತಾವಲ್ರಿ” ಎನ್ನುತ್ತಿದ್ದಳು. ಗುರುತಿಲ್ಲದವರ ಮೇಲೂ ಇಷ್ಟು ಕರುಣೆಯಿರುವ ಹೆಂಡತಿ ಸಿಕ್ಕಳಲ್ಲ ಎಂದು ನನಗೆ ಹೆಮ್ಮೆ.

ಒಂದು ದಿನ ನೀರಿಗೆಂದು ಅಡುಗೆಮನೆಗೆ ಹೋದರೆ, ಹಿಟ್ಟಿನ ಡಬ್ಬಿಗೆ ಒರಗಿಸಿದ ಅವಳ ಮೊಬೈಲಿನಲ್ಲಿ ನನ್ನ ಎರಡನೆಯ ಭಾಗ! ಅಡುಗೆ ಪುಸ್ತಕ ಓದಲಿ ಎಂದು ಅವಳಿಗೆ ಸದಸ್ಯತ್ವ ಮಾಡಿಸಿಕೊಟ್ಟವನು ನಾನೇ. ಅವಳ ಕೈತುಂಬ ಜೋಳದ ಹಿಟ್ಟು. ಮೊಣಕೈಯಿಂದ ಒತ್ತಿದರೆ ಪುಟಗಳು ಎರಡೆರಡು ಹಾರುತ್ತಿದ್ದವು, ಮತ್ತೆ ಹಿಂದಕ್ಕೆ ಬರಬೇಕು.

“ಕೂಡಿಸಿ ಓದೋ ದಡ್ಡಿ ನಾನೇ ರೀ” ಎಂದಳು, ತಲೆ ಎತ್ತದೆ.

ಸಿಟ್ಟು ಅಲ್ಲೇ ಇಳಿಯಿತು. “ಆಕಿ ಹಾಲು ಕುಡದಳೇನು, ಅಷ್ಟು ಹೇಳು.”

“ಪಾಳಿ ಬಂದ ಮ್ಯಾಲೆ ಓದ್ರಿ. ಅವಸರ ಇದ್ರ ಈ ರೊಟ್ಟಿ ನೀವು ಬಡೀರಿ, ನಾ ಲಗೂ ಮುಗಸ್ತೇನಿ.”

ಬಡಿದೆ. ಮೊದಲನೆಯದು ಹರಿಯಿತು, ಎರಡನೆಯದು ಹಂಚಿನ ದಾರಿಯಲ್ಲೇ ಕೈಬಿಟ್ಟಿತು. ದಿನಗಳು ಕಳೆದಂತೆ ರೊಟ್ಟಿ ದುಂಡಗಾಯಿತು, ಪುಸ್ತಕವೂ ಮುಗಿಯಿತು. ಇನ್ನು ನನ್ನ ಪಾಳಿ ಎಂದು ಕೈ ತೊಳೆಯಲು ಎದ್ದರೆ ಮಹಾದೇವಿ ತಡೆದಳು: “ಇರ್ರಿ, ನಿಮ್ಮ ಕೈ ಈಗ ಛಲೋ ಕುದುರ್ಯಾವ. ನಾ ಮೂರನೇ ಭಾಗ ತಗೊಂಡೇನಿ.”

ಹೀಗಾಗಿ ಎರಡನೆಯ ಭಾಗವನ್ನು ರೊಟ್ಟಿಗೊಂದು ಪುಟದಂತೆ ಓದುತ್ತಿದ್ದೇನೆ. ನಿನ್ನೆ ಮೊಬೈಲಿನಲ್ಲಿ ಸಂದೇಶ ಬಂತು: ‘ಈ ಪುಸ್ತಕಕ್ಕಾಗಿ ಮತ್ತೊಬ್ಬ ಓದುಗರು ಕಾಯುತ್ತಿದ್ದಾರೆ.’

ಯಾರೋ ಏನೋ, ಸ್ವಲ್ಪವೂ ತಾಳ್ಮೆಯಿಲ್ಲದ ಜನ!