ಓಡುವ ಕಾರಿನ ಟೈರು ಹಂಚಿದ್ದು

ಎದುರಿಗೆ ನಿಂತು ಕೇಳುವವರ ಮುಖ ನೋಡಿ 'ಇಲ್ಲ' ಎನ್ನುವುದು ಒಂದು ವಿದ್ಯೆ. ನನಗೆ ಅದು ಒಲಿಯಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಸಿಸ್ಟರ್ ಒಬ್ಬರು, ಇಲ್ಲ ಎನ್ನಬೇಕಾದಾಗಲೂ ಮುಖದಲ್ಲಿ ನಗುವಿರಬೇಕು ಎಂದು ಹೇಳಿಕೊಟ್ಟಿದ್ದರು. ನಾನು ನಗುವನ್ನು ಮಾತ್ರ ಚೆನ್ನಾಗಿ ಕಲಿತೆ. ಉಳಿದರ್ಧ ಪಾಠದ ಹೊತ್ತಿಗೆ ಕಿಟಕಿಯ ಆಚೆ ಅಳಿಲು ನೋಡುತ್ತಿದ್ದೆನೆಂದು ಕಾಣುತ್ತದೆ. ಹೀಗಾಗಿ ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೆ ನಮ್ಮ ಮನೆಯ ಎಷ್ಟೋ ಸಾಮಾನು ಊರೆಲ್ಲ ಓಡಾಡಿಕೊಂಡಿದೆ. ನನ್ನ ಹೊಲಿಗೆ ಮಷಿನ್ನು ಎರಡು ವರ್ಷದಿಂದ ಹಿಂದಿನ ಓಣಿಯಲ್ಲಿದೆ. ರವಿಕೆ ಹೊಲಿಯಬೇಕೆಂದರೆ ನಾನೇ ಬಟ್ಟೆ ಹಿಡಿದು ಅಲ್ಲಿಗೆ ಹೋಗುತ್ತೇನೆ, ಅವರು ಚಹಾ ಕೊಡುತ್ತಾರೆ. ಇದೆಲ್ಲ ನಡೆಯುತ್ತದೆ. ಆದರೆ ಗಂಡನ ಕಾರು ಓಡುತ್ತಿರುವಾಗಲೇ ಅದರ ಟೈರುಗಳನ್ನು ಹಂಚಿಬಿಟ್ಟ ವರ್ಷ ಮಾತ್ರ ನನಗೇ ನನ್ನ ಬಗ್ಗೆ ಹೆದರಿಕೆಯಾಯಿತು.

ನಮ್ಮವರು ವಕೀಲರು. ವಾರಕ್ಕೆ ಎರಡು ಮೂರು ಸಲ ಬಸವಕಲ್ಯಾಣದ ಕೋರ್ಟಿಗೆ ಹೋಗಿಬರಲು ಹೈದರಾಬಾದಿನಿಂದ ಒಂದು ಹಳೆಯ ಅಂಬಾಸಿಡರ್ ತಂದಿದ್ದರು. ಅದರ ಟೈರುಗಳು ಸವೆದು ಸವೆದು, ಮೇಲಿನ ಗೆರೆಗಳೆಲ್ಲ ಹಳೆಯ ರೂಪಾಯಿಯ ಮೇಲಿನ ಅಕ್ಷರದಂತೆ ಬೆರಳಿಗೆ ಸಿಕ್ಕರೂ ಕಣ್ಣಿಗೆ ಕಾಣದಂತಾಗಿದ್ದವು. ಬದಲಿಸಬೇಕೆಂದು ಇವರಿಗೂ ಗೊತ್ತಿತ್ತು. ಆದರೆ ಯಾವುದನ್ನು ಹಾಕಿಸಬೇಕು? ಬೇಸಿಗೆಯಲ್ಲಿ ಹೆದ್ದಾರಿಯ ಡಾಂಬರು ಕರಗಿ ಹಲ್ವಾದಂತೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಕ್ಷಿದಾರರ ಹಳ್ಳಿಗೆ ಹೋದರೆ ಎರೆಮಣ್ಣು ಗಾಲಿಯನ್ನು ಲಡ್ಡು ಕಟ್ಟಿಬಿಡುತ್ತದೆ. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಮೂರೂ ಕಾಲಕ್ಕೆ ಆಗುವ ಟೈರು ಸಿಗುವವರೆಗೆ ಇವರು ಹಳೆಯವಕ್ಕೆ ವಾಯಿದೆ ಕೊಡುತ್ತ ಬಂದರು. ಮೊದಲು ಯುಗಾದಿಗೆ ಎಂದರು. ಆಮೇಲೆ, "ದೀಪಾವಳಿ ತನಾ ಏನೂ ಆಗೂದಿಲ್ಲ, ಸುಮ್ಮನಿರು" ಎಂದರು.

ಅವರು ಯುಗಾದಿ ಎಂದಿದ್ದನ್ನು ನಂಬಿಯೇ ನಾನು ಕೆಟ್ಟೆ. ನಮ್ಮ ಕಡೆ ಹಳೆಯ ಟೈರೆಂದರೆ ಎಸೆಯುವ ವಸ್ತುವಲ್ಲ. ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಚಪ್ಪಲಿ ಹೊಲಿಯುವ ಮರೆಪ್ಪ ನನ್ನ ಚಪ್ಪಲಿಯ ಉಂಗುಟ ಹಚ್ಚಿಕೊಡುತ್ತ, "ಅಕ್ಕಾರ, ಟೈರು ಬದಲಿ ಮಾಡೋರಂತಲ್ರಿ? ಹಿಂದಿನ ಎರಡು ನನಗ ಕೊಡ್ರಿ. ಒಕ್ಕಲಿಗರ ಕಾಲಿಗೆ ಟೈರಿನ ಅಟ್ಟೀನ ಬೇಕ್ರಿ, ತೊಗಲು ತಡ್ಯೂದಿಲ್ಲ" ಎಂದ. ನಾನು ನಕ್ಕು "ಆಗಲಿ" ಎಂದೆ. ಮರುದಿನ ದುಬಲಗುಂಡಿಯಿಂದ ಬಸ್ಸಿನಲ್ಲಿ ಮೊಸರು ತರುವ ಸಿದ್ದವ್ವ ಗಡಿಗೆ ಇಳಿಸಿ, ಮನೆಯ ತಗಡಿನ ಸೂರು, ಆ ಪತರಾ, ಗಾಳಿಗೆ ಹಾರದಂತೆ ಮೇಲೆ ಹೇರಲು ಎರಡು ಟೈರು ಕೇಳಿದಳು. ಅದಕ್ಕೂ ಆಗಲಿ. ಐದನೆಯದು, ಡಿಕ್ಕಿಯಲ್ಲಿದ್ದ ಸ್ಟೆಪ್ನಿ, ಪಕ್ಕದ ಮನೆಯ ಶಾಲಾ ಶಿಕ್ಷಕಿ ಶಾಂತಾಬಾಯಿಯವರ ಪಾಲಿಗೆ ಹೋಯಿತು. ಮಲ್ಲಿಗೆ ಬಳ್ಳಿಯ ಸುತ್ತ ಪಾತಿಗೆ ಬೇಕೆಂದಿದ್ದರು. ವಾರದೊಳಗೆ ಮಾತಿನಲ್ಲೇ ಇಡೀ ಕಾರು ಬರಿ ಮೈಯಾಯಿತು, ಅದರ ಯಜಮಾನರಿಗೆ ಮಾತ್ರ ಸುದ್ದಿಯಿಲ್ಲ.

ಯುಗಾದಿ ಕಳೆಯಿತು. ಒಂದು ದಿನ ಸಿದ್ದವ್ವ ಮೊಸರು ಅಳೆಯುತ್ತ, ಪತರಾದ ಮೇಲಿದ್ದ ಕಲ್ಲೆಲ್ಲ ಇಳಿಸಿಬಿಟ್ಟೆ ಎಂದಳು. ಹೋದ ವರ್ಷ ಗಾಳಿಗೆ ಒಂದು ಕಲ್ಲು ಉರುಳಿ, ಬಾಗಿಲ ಮುಂದೆ ಕೂತಿದ್ದ ಅವಳ ಗಂಡನ ಹೆಗಲಿಗೆ ಬಿದ್ದಿತ್ತಂತೆ. "ಹ್ಯಾಂಗೂ ನೀವು ಟೈರು ಕೊಡ್ತೀರಿ. ಮಿರಗದ ಗಾಳಿ ಬೀಸೂದ್ರಾಗ ಕೊಟ್ರ ಸಾಕ್ರಿ ಅಕ್ಕಾರ" ಎಂದಳು. ನನ್ನ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. ಮಿರಗವೆಂದರೆ ಮೃಗಶಿರಾ ಮಳೆ, ಅದಕ್ಕೆ ಇನ್ನು ಹದಿನೈದು ದಿನವೂ ಇರಲಿಲ್ಲ. ಇತ್ತ ದೀಪಾವಳಿಯವರೆಗೆ ವಾಯಿದೆ, ಅತ್ತ ನನ್ನ ಒಂದು ನಗೆಯನ್ನು ನಂಬಿ ತಲೆಯ ಮೇಲಿನ ಸೂರಿನ ಭಾರ ಇಳಿಸಿ ಕೂತವಳು. ಒಂದು ಮಧ್ಯಾಹ್ನ ಇವರು ಮಲಗಿದ್ದಾಗ ಮೊಳೆ ಹಿಡಿದು ಕಾರಿನ ತನಕ ಹೋಗಿದ್ದೆ ಎಂದು ನಿಮಗೆ ಮಾತ್ರ ಹೇಳುತ್ತೇನೆ. ಧೈರ್ಯ ಸಾಲದೆ, ಅದೇ ಮೊಳೆಯಿಂದ ಗೋಡೆಗೆ ಕ್ಯಾಲೆಂಡರ್ ಹಾಕಿದೆ.

ಕೊನೆಗೆ ಒಂದೇ ಕೆಲಸ ಮಾಡಿದೆ. ಟೈರು ಯಾವಾಗ ಎಂದು ಕೇಳಿದವರಿಗೆಲ್ಲ, "ಸಾಹೇಬರನ್ನ ಕೇಳ್ರಿ" ಎಂದು ಹೇಳಿದೆ, ಅಷ್ಟೆ.

ಎರಡನೆಯ ದಿನವೇ ಇವರು ಕೋರ್ಟಿನಿಂದ ಬಂದವರು ಕೋಟು ಬಿಚ್ಚದೆ ನಿಂತರು. ಬಸ್‌ಸ್ಟ್ಯಾಂಡಿನ ಹತ್ತಿರ ಮರೆಪ್ಪ ಕಾರಿಗೆ ಅಡ್ಡ ಬಂದು, "ವಕೀಲ ಸಾಹೇಬ್ರ, ನಾರಾಯಣಪುರದ ಕಲ್ಲಿನ ದಾರ್ಯಾಗ ಯಾಕ ಹೋದ್ರಿ? ಹಿಂದಿನ ಎರಡೂ ನನ್ನವ. ಹಿಂಗ ಸವೆಸಿದ್ರ ನನಗ ಅಟ್ಟಿ ಎಲ್ಲಿಂದ ಬರಬೇಕು?" ಎಂದು ಗದರಿಸಿದನಂತೆ. ಇನ್ನೂ ಅದರಿಂದ ಚೇತರಿಸಿಕೊಂಡಿರಲಿಲ್ಲ, ನಮ್ಮ ಗೇಟಿನ ಬಳಿ ಖಾಲಿ ಗಡಿಗೆ ಹೊತ್ತ ಸಿದ್ದವ್ವ, "ಮುಂದಿನವ ನಮ್ಮವ್ರಿ, ಜರಾ ಜ್ವಾಕೀಲೆ ಓಡಸ್ರಿ" ಎಂದಳಂತೆ.

"ಸರೋಜಾ, ನಾ ಓಡಸಾಕತ್ತಿದ್ದು ನನ್ನ ಕಾರೋ, ಊರ ಮಂದೀದೋ?"

"ಕಾರು ನಿಮ್ಮದೇರಿ" ಎಂದೆ. "ಗಾಲಿ ಅಷ್ಟ..."

ಇವರು ಕೋರ್ಟಿನಲ್ಲಿ ಯಾರಿಗೂ ಸೋಲುವವರಲ್ಲ. ಆದರೆ ಬೀದಿಯಲ್ಲಿ ನಿಲ್ಲಿಸಿ ನಮ್ಮ ಟೈರು ಎನ್ನುವವರ ಮುಂದೆ ಯಾವ ಕಾಯಿದೆ ನಡೆಯುತ್ತದೆ? ಆ ರವಿವಾರವೇ ಬಸವಕಲ್ಯಾಣಕ್ಕೆ ಹೊರಟೆವು. ಹಂಚಿದವಳೇ ಆರಿಸಲಿ ಎಂದು ನನ್ನನ್ನೂ ಕರೆದೊಯ್ದರು.

ಹೆದ್ದಾರಿಯ ಮಗ್ಗುಲಲ್ಲಿ ಖಾದರ್ ಸಾಹೇಬರ ಟೈರಿನ ಅಂಗಡಿ. ಹೊಸ ಟೈರಿನ ಮೈಮೇಲೆ ಎಳೆ ಮೀಸೆಯಂಥ ರಬ್ಬರಿನ ಕೂದಲಿರುತ್ತದೆ ಎಂದು ನನಗೆ ತಿಳಿದದ್ದೇ ಅಲ್ಲಿ. ಅದನ್ನು ಒಂದೊಂದಾಗಿ ಕೀಳುತ್ತ ನಿಂತಿದ್ದೆ. ಖಾದರ್ ಸಾಹೇಬರು ಅಗಲ ಹಲ್ಲಿನದೊಂದನ್ನು ಉರುಳಿಸಿ, "ಮಳಿಗಾಲಕ್ಕ ಇದು. ಕೆಸರಿಗೆ ಕಚ್ಚಿ ಹಿಡೀತದ" ಎಂದರು. ಉದ್ದ ಗೆರೆಯದೊಂದನ್ನು ತಟ್ಟಿ, "ಬ್ಯಾಸಗಿಗೆ ಇದು. ಡಾಂಬರಿನ ಮ್ಯಾಲ ಜರಾನೂ ಸದ್ದಿಲ್ಲ" ಎಂದರು. ಇವರು ಎರಡಕ್ಕೂ ಉಗುರು ಒತ್ತಿ ನೋಡಿ ಮತ್ತೆ ವಾಯಿದೆಯ ಮುಖ ಮಾಡಿದರು. ಮೂಲೆಯಲ್ಲಿದ್ದ ಮತ್ತೊಂದು ಜಾತಿಯ ಮೇಲೆ ಕೈಯಿಟ್ಟು, "ಇದನ್ನ ತಗೋರಿ" ಎಂದೆ.

"ಯಾಕ?"

"ಗೀರು ಸಣ್ಣವು ಅವ. ನಡುವ ದಪ್ಪ ಅದ."

ಖಾದರ್ ಸಾಹೇಬರು ನನ್ನತ್ತ ತಿರುಗಿದರು. "ಶಾಬಾಸ್! ವಕೀಲ ಸಾಬ್, ಇದು ಬಾರಾ ಮಹಿನಾ ಓಡೋ ಮಾಲು. ಮೂರೂ ಕಾಲಕ್ಕ ಇದೊಂದ. ಅಕ್ಕಾರಿಗೆ ಹ್ಯಾಂಗ ತಿಳೀತು?"

ಇವರು ಮದುವೆಯಾದಂದಿನಿಂದ ನನ್ನನ್ನು ಅಷ್ಟು ಗೌರವದಿಂದ ನೋಡಿರಲಿಲ್ಲ. ಆ ಗೌರವ ಕೆಡಿಸಬಾರದೆಂದು ನಾನು ನಿಜ ಹೇಳಲಿಲ್ಲ. ಸಣ್ಣ ಗೀರಿನ, ನಡು ದಪ್ಪನೆಯ ಟೈರೇ ತರಬೇಕು, ಅಗಲ ಗೀರಿದ್ದರೆ ಅಟ್ಟೆಯೊಳಗಿಂದ ಮುಳ್ಳು ಸೀದಾ ಕಾಲಿಗೆ ನಾಟುತ್ತದೆ ಎಂದು ಮರೆಪ್ಪ ಮುಂದಿನ ಸಲದ ಚಪ್ಪಲಿಗಾಗಿ ಹೇಳಿ ಕಳಿಸಿದ್ದ.

ಟೈರು ಹಾಕಿದ ಮೇಲೆ ಖಾದರ್ ಸಾಹೇಬರು, "ಹಳೇವು ಇಲ್ಲೇ ಬಿಡ್ರಿ, ರೇಟಿನಾಗ ಹೊಂದಸ್ತೀನಿ" ಎಂದರು. ಇವರ ಮುಖ ಅರಳಿತು. ನಾನು "ಇಲ್ಲ" ಎಂದೆ. ನಗಲೂ ಇಲ್ಲ. ನನ್ನ ಧ್ವನಿಗೆ ನಾನೇ ಬೆಚ್ಚಿದೆ. ಇವರೂ ಬೆಚ್ಚಿರಬೇಕು, ತಾವೇ ಎತ್ತಿ ಎರಡನ್ನು ಡಿಕ್ಕಿಗೆ, ಎರಡನ್ನು ಹಿಂದಿನ ಸೀಟಿಗೆ ಹಾಕಿದರು. ಸ್ಟೆಪ್ನಿಯನ್ನು ಮಾತ್ರ ಬದಲಿಸಲಿಲ್ಲ. ಐದನೆಯದಕ್ಕೆ ದೀಪಾವಳಿಯ ವಾಯಿದೆಯೇ ಖಾಯಂ ಆಯಿತು.

ಸಿದ್ದವ್ವನ ಎರಡು ಟೈರು ಮರುದಿನವೇ ಬಸ್ಸಿನ ನೆತ್ತಿಯೇರಿ ದುಬಲಗುಂಡಿಗೆ ಹೋದವು. ಮೂರು ದಿನಕ್ಕೆ ಗಾಳಿ ಬೀಸಿತು, ಪತರಾ ಅಲುಗಾಡಲಿಲ್ಲವೆಂದು ಅವಳು ಒಂದು ಸೌಟು ಮೊಸರು ಹೆಚ್ಚು ಹಾಕಿದಳು. ಮರೆಪ್ಪ ತನ್ನವನ್ನು ಉರುಳಿಸಿಕೊಂಡು ಹೋದ. ಉಳಿದದ್ದು ಶಾಂತಾಬಾಯಿಯವರ ಮುಂದೆ ಮಾತು ತಪ್ಪಿದವಳಾಗಿ ನಿಲ್ಲುವುದು. ಹೋಗಿ, ಸ್ಟೆಪ್ನಿ ಬದಲಾಗಲಿಲ್ಲವೆಂದು ತಡವರಿಸುತ್ತ ಹೇಳಿದೆ.

"ಅಯ್ಯ ವೈನಿ!" ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಮಾತಿಗೆ ಮಾತು ಬಂತಂತ ಸುಮ್ಮನ ಕೇಳಿದ್ದೆ. ಅಂಗಳದಾಗ ಆ ಕರೀ ಗಾಲಿ ಯಾರಿಗೆ ಬೇಕ್ರಿ? ನೀವು ಅಷ್ಟು ಪ್ರೀತೀಲೆ ಆಗಲಿ ಅಂದ್ರಿ. ಬ್ಯಾಡ ಅನ್ನಾಕ ನಾಚಿಕಿ ಆಗಿ, ಇಲ್ಲದ ಮಲ್ಲಿಗಿ ತಂದು ಹಚ್ಚೇನಿ ನೋಡ್ರಿ."

ಮೊಳಕಾಲೆತ್ತರದ ಬಳ್ಳಿಯೊಂದು ನಿಜವಾಗಿಯೂ ಅಲ್ಲಿತ್ತು. 'ಹಾಗಾದರೆ ಬ್ಯಾಡ ಬಿಡ್ರಿ' ಎಂದು ಅಲ್ಲಿಗೇ ಮುಗಿಸಬಹುದಿತ್ತು. ಅಂಗಡಿಯಲ್ಲಿ ಬಂದ ಧೈರ್ಯ ಅಲ್ಲೇ ಉಳಿದಿತ್ತೋ ಏನೋ, ನನ್ನ ಬಾಯಿಂದ ಬಂದದ್ದು, "ಬ್ಯಾಸರ ಮಾಡ್ಕೋಬ್ಯಾಡ್ರಿ, ದೀಪಾವಳಿಗೆ ಸ್ಟೆಪ್ನಿ ನಿಮಗೇ." ಅವರೂ ನಗುನಗುತ್ತ, "ಆಗಲಿರಿ" ಎಂದರು.

ಈಗ ದಿನಾ ಸಂಜೆ ಇವರು ಕಾರು ತಂದು ನಿಲ್ಲಿಸಿ ಡಿಕ್ಕಿ ತೆಗೆದರೆ, ಶಾಂತಾಬಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆಯ ಮೇಲಿಂದ ಇಣುಕುತ್ತಾರೆ. ಆಸೆಯಿಂದಲ್ಲ, ಹೆದರಿಕೆಯಿಂದ.